ಸಾಕುನಾಯಿಗಳು ರಾತ್ರಿ ಮಲಗುವ ಜಾಗ

ಸಾಕುನಾಯಿ ರಾತ್ರಿ ಎಲ್ಲಿ ಮಲಗುತ್ತದೆ ಎಂಬುದು ಮನೆ ಹೇಗಿದೆ, ನಾಯಿಯನ್ನು ಯಾತಕ್ಕಾಗಿ ಸಾಕಿದ್ದಾರೆ ಎಂಬ ಎರಡು ಸಂಗತಿಗಳನ್ನು ಅವಲಂಬಿಸಿದೆ. ಇವು ಬದಲಾದಾಗ ಜಾಗವೂ ಬದಲಾಗುತ್ತದೆ. ದಾವಣಗೆರೆ, ಹರಿಹರ ಸೀಮೆಯ ಹಳ್ಳಿಗಳಲ್ಲಿ ಈ ಬದಲಾವಣೆ ಕಣ್ಣೆದುರೇ ನಡೆದಿದೆ. ದಾವಣಗೆರೆ ತಾಲ್ಲೂಕಿನ ಕುಕ್ಕುವಾಡ ಭದ್ರಾ ನಾಲೆಯ ಅಚ್ಚುಕಟ್ಟಿಗೆ ಸೇರಿದ, ಸಕ್ಕರೆ ಕಾರ್ಖಾನೆಯಿರುವ ಊರು. ಸುತ್ತಲೂ ಭತ್ತದ ಗದ್ದೆ, ಕಬ್ಬು, ಅಡಿಕೆ ತೋಟ. ಇಂಥ ಊರುಗಳಲ್ಲಿ ಹಳೆಯ ಹೆಂಚಿನ ಮನೆಯೂ ಹೊಸ ಆರ್‌ಸಿಸಿ ಮನೆಯೂ ಒಂದೇ ಕೇರಿಯಲ್ಲಿ ಗೋಡೆಗೆ ಗೋಡೆ ತಾಗಿ ನಿಂತಿರುತ್ತವೆ. ಒಂದು ಮನೆಯ ನಾಯಿ ಕಟ್ಟೆಯ ಮೇಲೆ ಮಲಗಿದರೆ ಪಕ್ಕದ ಮನೆಯದು ಪೋರ್ಟಿಕೋದಲ್ಲಿ, ಅದರಾಚೆಯದು ಹಾಲ್‌ನಲ್ಲಿ ಸೋಫಾದ ಬದಿಗೆ ಮಲಗುತ್ತದೆ.

ಹಳೆಯ ಮನೆಗಳಲ್ಲಿ ತಲೆಬಾಗಿಲಿನ ಎರಡೂ ಬದಿಗೆ ಕಟ್ಟೆ ಇರುತ್ತದೆ. ಬೇಸಿಗೆಯ ರಾತ್ರಿ ಗಂಡಸರು ಅಲ್ಲೇ ಕಂಬಳಿ ಹಾಸಿ ಮಲಗುತ್ತಿದ್ದರು. ಅವರ ಕಾಲದೆಸೆಯಲ್ಲೋ ಕಟ್ಟೆಯ ಕೆಳಗೋ ನಾಯಿ ಮಲಗುತ್ತಿತ್ತು. ಎತ್ತು, ಎಮ್ಮೆಗಳಿಗೆ ಮನೆಯೊಳಗೇ ಗ್ವಾದಲಿ ಕಟ್ಟಿಸಿದವರೂ ನಾಯಿಗೆ ಹೊಸ್ತಿಲನ್ನೇ ಗಡಿ ಮಾಡಿದ್ದರು. ಇದನ್ನು ಬರೀ ತಾತ್ಸಾರವೆಂದು ತಿಳಿಯುವುದು ಸರಿಯಲ್ಲ. ದೇವರ ಜಗುಲಿಯ ಮತ್ತು ಅಡುಗೆಮನೆಯ ಮಡಿ ಒಂದು ಕಾರಣವಾದರೆ, ಕಾವಲು ಅದಕ್ಕಿಂತ ದೊಡ್ಡ ಕಾರಣ. ಹೊಸ್ತಿಲಿಗೆ ಬೆನ್ನು ಕೊಟ್ಟು ಬೀದಿಗೆ ಮುಖ ಮಾಡಿ ಮಲಗುವ ನಾಯಿಗೆ ಒಳಗಿನವರ ಕೆಮ್ಮು ಕೇಳಿಸುತ್ತದೆ, ಹೊರಗಿನವರ ಹೆಜ್ಜೆ ಸಪ್ಪಳವೂ ತಿಳಿಯುತ್ತದೆ. ಮನೆಯವರೊಂದಿಗೆ ಇದ್ದೇನೆ ಎಂಬ ಭರವಸೆ, ಸುತ್ತಲೂ ಕಾಣುವ ನೋಟ, ಬೇಕಾದಾಗ ಎದ್ದು ಹೋಗುವ ಸ್ವಾತಂತ್ರ್ಯ ಮೂರನ್ನೂ ಆ ಕಟ್ಟೆ ಕೊಡುತ್ತಿತ್ತು. ನಾಯಿಯ ಸ್ವಭಾವಕ್ಕೆ ಅದಕ್ಕಿಂತ ಒಪ್ಪುವ ಜಾಗವನ್ನು ಆಮೇಲಿನ ಮನೆಗಳು ಕೊಟ್ಟಿಲ್ಲ.

ಕಟ್ಟಿಹಾಕದ ನಾಯಿ ಕಾಲಕ್ಕೆ ತಕ್ಕಂತೆ ತಾನೇ ಜಾಗ ಬದಲಿಸುತ್ತದೆ. ಬೇಸಿಗೆಯಲ್ಲಿ ಹಿತ್ತಲಿನ ಬಚ್ಚಲ ನೀರು ಹರಿಯುವ ಕಡೆ ತೇವದ ಮಣ್ಣನ್ನು ಮುಂಗಾಲಿನಿಂದ ಕೆದರಿ, ಹೊಟ್ಟೆ ತಾಗುವಷ್ಟು ಗುಂಡಿ ಮಾಡಿ ಮಲಗುತ್ತದೆ. ಮಳೆಗಾಲದಲ್ಲಿ ಸೂರಿನಡಿ, ಗಾಡಿಯ ಕೆಳಗೆ ಅಥವಾ ಕೊಟ್ಟಿಗೆಯ ಮೂಲೆಯಲ್ಲಿ ಸೇರಿಕೊಳ್ಳುತ್ತದೆ. ಚಳಿಗಾಲದಲ್ಲಿ ಅದಕ್ಕೆ ಇಷ್ಟವಾದ ಜಾಗ ನೀರೊಲೆ. ಮನೆಯವರೆಲ್ಲ ಮಿಂದು ಬೆಂಕಿ ಆರಿದ ಮೇಲೆ ನಾಯಿ ಒಲೆಯ ಬಾಯಿಗೆ ಬಂದು ಮೂಸಿ, ಬೂದಿಯನ್ನು ಒಮ್ಮೆ ಕಾಲಿನಿಂದ ಸರಿಸಿ ಬಿಸಿ ನೋಡುತ್ತದೆ. ಹಿತವೆನಿಸಿದರೆ ಎರಡು ಮೂರು ಸುತ್ತು ಸುತ್ತಿ, ಮೂತಿಯನ್ನು ಬಾಲದಡಿ ಇಟ್ಟುಕೊಂಡು ಬಳೆಯಂತೆ ಮುದುಡುತ್ತದೆ. ಬೆಳಗ್ಗೆ ಎದ್ದು ಮೈ ಕೊಡವಿದಾಗ ಕರಿಯ ನಾಯಿಯೂ ಬೂದುಬಣ್ಣದ್ದಾಗಿ ಕಾಣುತ್ತದೆ. ಮುದುಡಿ ಮಲಗುವುದರಿಂದ ಗಾಳಿಗೆ ಒಡ್ಡಿಕೊಳ್ಳುವ ಮೈ ಕಡಿಮೆಯಾಗಿ ಶಾಖ ಉಳಿಯುತ್ತದೆ. ಸೆಕೆಗೆ ಕಾಲು ಚಾಚಿ ಮಗ್ಗುಲಾಗಿ ಮಲಗಿದರೆ ಶಾಖ ಹೊರಹೋಗುತ್ತದೆ. ಮಲಗುವ ಭಂಗಿಯನ್ನು ನೋಡಿಯೇ ಜಾಗ ನಾಯಿಗೆ ತಣ್ಣಗಾಯಿತೋ ಬಿಸಿಯಾಯಿತೋ ಹೇಳಬಹುದು.

ಊರಾಚೆಯ ನಾಯಿಗಳದು ಬೇರೆ ಬಗೆಯ ರಾತ್ರಿ. ತೋಟದ ಮನೆಯ ನಾಯಿ ಪಂಪ್‌ಸೆಟ್ ಕೋಣೆಯ ಬಾಗಿಲಲ್ಲಿ, ಕಣ ಕಾಯುವ ನಾಯಿ ಹುಲ್ಲಿನ ಬಣವೆಯ ಮಗ್ಗುಲಲ್ಲಿ ಮಲಗುತ್ತದೆ. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸಿದಾಗ ಕುರುಬರ ನಾಯಿಗಳು ಮಂದೆಯ ಸುತ್ತ ಅಲ್ಲಲ್ಲಿ ಬೇರೆ ಬೇರೆಯಾಗಿ ಮಲಗುತ್ತವೆ; ಒಂದು ಬೊಗಳಿದರೆ ಉಳಿದವೂ ಏಳುತ್ತವೆ. ಕಾಡಂಚಿನ ಊರುಗಳಲ್ಲಿ ಚಿರತೆಯ ಭಯದಿಂದ ನಾಯಿಯನ್ನು ರಾತ್ರಿ ಕೊಟ್ಟಿಗೆಯೊಳಗೆ ಕೂಡುವುದುಂಟು, ಕೊರಳಿಗೆ ಕಬ್ಬಿಣದ ಮುಳ್ಳುಪಟ್ಟಿ ಹಾಕುವುದೂ ಉಂಟು. ಚಿರತೆ ಕೊರಳನ್ನೇ ಹಿಡಿಯುವುದರಿಂದ ಈ ಪಟ್ಟಿ. ಮಹಾರಾಷ್ಟ್ರದ ಆಗಿನ ಅಹಮದ್‌ನಗರ ಜಿಲ್ಲೆಯ ಬೇಸಾಯದ ಸೀಮೆಯಲ್ಲಿ ನಡೆದ ಅಧ್ಯಯನವೊಂದರ ಪ್ರಕಾರ, ಅಲ್ಲಿನ ಚಿರತೆಗಳ ಆಹಾರದಲ್ಲಿ ತೂಕದ ಲೆಕ್ಕಕ್ಕೆ ಶೇ. 39ರಷ್ಟು ನಾಯಿಗಳೇ ಇದ್ದವು. ಚಿರತೆ ಓಡಾಡುವ ಕಡೆ ನಾಯಿಯನ್ನು ಅಂಗಳದಲ್ಲಿ ಸರಪಳಿಗೆ ಕಟ್ಟಿ ಬಿಡುವುದೆಂದರೆ ಅದಕ್ಕೆ ಓಡುವ ಅವಕಾಶವನ್ನೂ ಇಲ್ಲವಾಗಿಸಿದಂತೆ.

ಹೊಸ್ತಿಲ ಹೊರಗಿದ್ದರೂ ನಾಯಿಗೆ ಮನ್ನಣೆ ಇರಲಿಲ್ಲವೆಂದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949–50ರ ವೀರಗಲ್ಲು ಗಂಗ ದೊರೆ ಬೂತುಗನಿಂದ ಅವನ ಅನುಯಾಯಿ ಮಣಲೇರ ಪಡೆದ ಕಾಳಿ ಎಂಬ ನಾಯಿಯ ನೆನಪಿನದು. ಹಂದಿಯೊಂದಿಗೆ ಹೋರಾಡಿ ಸತ್ತ ಕಾಳಿಯ ಚಿತ್ರವನ್ನು ಅದರಲ್ಲಿ ಕೆತ್ತಲಾಗಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ದಾವಣಗೆರೆ ಸೀಮೆಗೆ ಹತ್ತಿರದ ಮೈಲಾರ, ದೇವರಗುಡ್ಡಗಳ ಮೈಲಾರಲಿಂಗನ ಭಕ್ತರಿಗೆ ನಾಯಿ ದೇವರ ಪರಿವಾರದ ಪ್ರಾಣಿ. ಈ ದೇವರ ಸೇವಕರಾದ ಗೊರವರು ನಾಯಿಯಂತೆ ಬೊಗಳಿ ಸೇವೆ ಸಲ್ಲಿಸುವ ಪದ್ಧತಿಯಿದೆ. ಈ ಭಕ್ತರ ಮನೆಗಳಲ್ಲಿ ಕಟ್ಟೆಯ ಮೇಲೆ ಮಲಗಿದ ನಾಯಿಯನ್ನು ಒದ್ದು ಎಬ್ಬಿಸುವುದಕ್ಕೆ ಹಿರಿಯರು ಒಪ್ಪುವುದಿಲ್ಲ. ಬೇರೆ ನಾಡುಗಳಲ್ಲಿ ನಾಯಿ ಹಾಸಿಗೆಯವರೆಗೂ ಬಂದದ್ದುಂಟು. ಆಸ್ಟ್ರೇಲಿಯಾದ ಮೂಲನಿವಾಸಿಗಳು ಚಳಿಯ ರಾತ್ರಿಗಳಲ್ಲಿ ಡಿಂಗೊಗಳನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳುತ್ತಿದ್ದರು; ಮೆಕ್ಸಿಕೋದಲ್ಲಿ ಕೂದಲಿಲ್ಲದ ತಳಿಯ ನಾಯಿಯನ್ನು ಮೈ ಬೆಚ್ಚಗಾಗಲೆಂದು ಹಾಸಿಗೆಗೆ ಸೇರಿಸಿಕೊಳ್ಳುತ್ತಿದ್ದರು.

ಬೇಗ ಎಚ್ಚರವಾಗುವ ನಿದ್ದೆಗೆ ಕನ್ನಡದಲ್ಲಿ ನಾಯಿನಿದ್ದೆ ಎಂಬ ಹೆಸರಿದೆ. ಸಂಸ್ಕೃತ ಸುಭಾಷಿತವೊಂದು ವಿದ್ಯಾರ್ಥಿಯ ಐದು ಲಕ್ಷಣಗಳಲ್ಲಿ ಶ್ವಾನನಿದ್ರೆಯನ್ನೂ ಸೇರಿಸಿದೆ. ಇದು ಬರಿಯ ಲೋಕರೂಢಿಯಲ್ಲ. ಆಸ್ಟ್ರೇಲಿಯಾದ ಸಂಶೋಧಕರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಟು ಗಂಟೆಯ ರಾತ್ರಿಯಲ್ಲಿ ನಾಯಿಗಳು ಸರಾಸರಿ 23 ಸಲ ಮಲಗಿ ಎದ್ದದ್ದು ಕಂಡುಬಂತು. ಪ್ರತಿ ಸಲವೂ ಸುಮಾರು 16 ನಿಮಿಷ ನಿದ್ದೆ, 5 ನಿಮಿಷ ಎಚ್ಚರ. ಮನುಷ್ಯರಂತೆ ನಾಯಿಗೂ ಕನಸು ಕಾಣುವ ಹಂತದ ನಿದ್ದೆಯಿದೆ. ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಚಲಿಸುವುದು, ಕಾಲು ಅದುರುವುದು, ಸಣ್ಣದಾಗಿ ಕುಂಯ್‌ಗುಡುವುದು ಈ ಹಂತದ ಗುರುತುಗಳು. ಆಗ ಮುಟ್ಟಿ ಎಬ್ಬಿಸಿದರೆ ಬೆಚ್ಚಿಬಿದ್ದು ಕಚ್ಚಬಹುದು. ಹಗಲಿನ ತೂಕಡಿಕೆಯೂ ಸೇರಿ ದೊಡ್ಡ ನಾಯಿ ದಿನಕ್ಕೆ 10ರಿಂದ 14 ಗಂಟೆ ಮಲಗುತ್ತದೆ. ಮತ್ತೆ ಮತ್ತೆ ಎಚ್ಚರವಾಗುವ ಪ್ರಾಣಿಗೆ, ಎದ್ದಾಗಲೆಲ್ಲ ಎಲ್ಲವೂ ಸರಿಯಿದೆ ಎಂದು ಕಂಡುಕೊಂಡು ಮತ್ತೆ ತಲೆ ಇಡುವಂಥ ಜಾಗ ಬೇಕು. ಮನೆಯವರ ವಾಸನೆ ಬರುವ, ಬೆನ್ನಿಗೆ ಗೋಡೆಯಿರುವ, ಜನ ತುಳಿದು ಓಡಾಡದ ಮೂಲೆಯನ್ನು ನಾಯಿ ತಾನಾಗಿ ಹುಡುಕುವುದು ಇದಕ್ಕೇ.

ಆರೋಗ್ಯವಂತ ನಾಯಿಯ ಮೈಬಿಸಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಬೆವರು ಅಂಗಾಲಿನಲ್ಲಿ ಮಾತ್ರ. ಉಳಿದ ಶಾಖವನ್ನು ತೇಕಿಯೇ ಹೊರಹಾಕಬೇಕು. ಬೇಸಿಗೆಯಲ್ಲಿ ದಿನವಿಡೀ ಕಾದ ಆರ್‌ಸಿಸಿ ತಾರಸಿ ನಡುರಾತ್ರಿಯವರೆಗೂ ಬಿಸಿ ಉಗುಳುತ್ತದೆ. ತಗಡಿನ ನಾಯಿಗೂಡಂತೂ ಹಗಲಿನ ಬಿಸಿಲಿಗೆ ಬೇಗ ಕಾಯುತ್ತದೆ. ತಾರಸಿಯ ಮೇಲೆ ನಾಯಿ ಕಟ್ಟುವ ರೂಢಿ ಪೇಟೆಯಿಂದ ಹಳ್ಳಿಗೂ ಬಂದಿರುವುದು ಕಳವಳದ ಸಂಗತಿ. ಮೂತಿ ಚಪ್ಪಟೆಯಾದ ಪಗ್ ತಳಿಗಂತೂ ಸೆಕೆ ಪ್ರಾಣಾಂತಿಕ. 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಿಂದ ಈ ತಳಿ ದೇಶದ ಮನೆಮಾತಾಯಿತು. ಇದರ ಉಸಿರಾಟದ ದಾರಿ ಇಕ್ಕಟ್ಟಾಗಿರುವುದರಿಂದ ಗೊರಕೆ ಹೆಚ್ಚು, ತೇಕಿ ಮೈ ತಣಿಸಿಕೊಳ್ಳುವ ಶಕ್ತಿ ಕಡಿಮೆ. ಇದಕ್ಕೆ ಗಾಳಿಯಾಡುವ ಒಳಮನೆಯೇ ಸರಿ. ಮುಧೋಳ ನಾಯಿಯದು ಇನ್ನೊಂದು ತುದಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿ ತಿಮ್ಮಾಪುರದ ಕೇಂದ್ರದಲ್ಲಿ ಅಭಿವೃದ್ಧಿಯಾಗುತ್ತಿರುವ ಈ ಬೇಟೆ ತಳಿಗೆ ಕೂದಲು ಗಿಡ್ಡ, ಚರ್ಮದಡಿ ಕೊಬ್ಬು ತೀರಾ ಕಡಿಮೆ. ಬಿಸಿಲನ್ನು ತಡೆದೀತು, ಚಳಿಯ ರಾತ್ರಿ ಬರಿನೆಲದಲ್ಲಿ ನಡುಗುತ್ತದೆ.

ನೆಲದ ವಿಚಾರಕ್ಕೆ ಮನೆ ಕಟ್ಟಿಸುವವರು ಗಮನ ಕೊಡುವುದು ಅಪರೂಪ. ಸಗಣಿ ಸಾರಿಸಿದ ಮಣ್ಣಿನ ನೆಲಕ್ಕೂ ಗ್ರಾನೈಟ್, ಟೈಲ್ಸ್ ನೆಲಕ್ಕೂ ನಾಯಿಯ ಮೈಗೆ ಬಹಳ ವ್ಯತ್ಯಾಸ. ನುಣುಪಾದ ಟೈಲ್ಸ್ ಮೇಲೆ ಏಳುವಾಗ ಹಿಂಗಾಲುಗಳು ಜಾರಿ ಎರಡು ಕಡೆಗೆ ಸರಿಯುತ್ತವೆ. ಸೊಂಟದ ಕೀಲಿನ ತೊಂದರೆ ಬರುವ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ತಳಿಗಳಿಗೆ ಇದು ದಿನನಿತ್ಯದ ಹಿಂಸೆ. ಗಟ್ಟಿನೆಲದಲ್ಲಿ ವರ್ಷಗಟ್ಟಲೆ ಮಲಗಿದ ತೂಕದ ನಾಯಿಯ ಮೊಣಕೈ ಕೂದಲುದುರಿ ದಡ್ಡುಗಟ್ಟುತ್ತದೆ, ಕೆಲವೊಮ್ಮೆ ನೀರು ತುಂಬಿ ಊದಿಕೊಳ್ಳುತ್ತದೆ. ಇದಕ್ಕೆ ದುಬಾರಿ ಹಾಸಿಗೆಯೇನೂ ಬೇಕಿಲ್ಲ. ನಾಲ್ಕಾರು ಮಡಿಕೆ ಗೋಣಿಚೀಲದ ಮೇಲೆ ಹಳೆಯ ಕೌದಿ ಹಾಸಿದರೆ ಸಾಕು. ಕೌದಿಯನ್ನು ವಾರಕ್ಕೊಮ್ಮೆ ಒಗೆದು ಬಿಸಿಲಿಗೆ ಹಾಕಬೇಕು. ಮಳೆಗಾಲದಲ್ಲಿ ನೆಲದ ತಂಪು ಏರದಂತೆ ಅದರಡಿ ಒಂದು ಹಲಗೆ ಇಡಬೇಕು.

ಹೊಸ ಮನೆಗಳಲ್ಲಿ ಕಟ್ಟೆ ಹೋಗಿ ಕಾಂಪೌಂಡ್, ಗೇಟು, ಪೋರ್ಟಿಕೋ ಬಂದವು. ಗೇಟು ಹಾಕಿದ ಮೇಲೆ ನಾಯಿಗೆ ಬೀದಿ ತಪ್ಪಿತು. ತಲೆಬಾಗಿಲಿಗೆ ಗ್ರಿಲ್ ಬಂದು ಒಳಗಿನವರ ಸದ್ದೂ ದೂರವಾಯಿತು. ಕಾರಿನ ಪಕ್ಕ ಎರಡು ಮೊಳದ ಸರಪಳಿಯಲ್ಲಿ ರಾತ್ರಿ ಕಳೆಯುವ ನಾಯಿ ಕಾವಲು ಕಾಯುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಕಟ್ಟಿದ ನಾಯಿ ಎಲೆ ಅಲುಗಿದರೂ ಬೊಗಳುತ್ತದೆ, ಆಮೇಲೆ ಮನೆಯವರು ಅದರ ಬೊಗಳನ್ನು ಲೆಕ್ಕಕ್ಕೇ ಇಡುವುದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಪ್ರಾಣಿಯನ್ನು ತೀರಾ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಅತಿ ಹೊತ್ತು ಕಟ್ಟಿಡುವುದು ಅಪರಾಧ. ಸದಾ ಕಟ್ಟಿಡುವ ಅಥವಾ ಕೂಡಿಹಾಕುವ ನಾಯಿಯನ್ನು ಓಡಾಡಿಸದೆ ಇರುವುದನ್ನೂ ಅದೇ ಕಲಂ ಹೆಸರಿಸಿ ಹೇಳುತ್ತದೆ.

ಹಾಗೆಂದು ಬಿಟ್ಟು ಸಾಕಿದ ನಾಯಿಯ ರಾತ್ರಿ ಪೂರ್ತಿ ಸುರಕ್ಷಿತವೂ ಅಲ್ಲ. ಚಳಿಗಾಲದಲ್ಲಿ ಡಾಂಬರು ರಸ್ತೆ ಹಗಲಿನ ಬಿಸಿ ಹಿಡಿದಿಟ್ಟುಕೊಳ್ಳುವುದರಿಂದ ನಾಯಿಗಳು ಅಲ್ಲೇ ಮಲಗುತ್ತವೆ, ಕಬ್ಬು ಅರೆಯುವ ಹಂಗಾಮೂ ಅದೇ ಕಾಲಕ್ಕೆ ಬರುತ್ತದೆ. ಹೇರು ತುಂಬಿದ ಟ್ರ್ಯಾಕ್ಟರ್ ಗಕ್ಕನೆ ನಿಲ್ಲದು. ನಿಂತ ಟ್ರೇಲರಿನ ಗಾಲಿಯ ಸಂದಿಯಲ್ಲೂ ನಾಯಿ ಮಲಗಿರುವುದುಂಟು. ಗಾಡಿ ಎತ್ತುವ ಮೊದಲು ಕೆಳಗೆ ಒಮ್ಮೆ ಬಗ್ಗಿ ನೋಡಿದರೆ ಒಂದು ಜೀವ ಉಳಿಯುತ್ತದೆ. ಭತ್ತದ ಗದ್ದೆ ಇರುವಲ್ಲಿ ಇಲಿ, ಇಲಿ ಇರುವಲ್ಲಿ ನಾಗರಹಾವು, ಕೊಳಕುಮಂಡಲ. ಸೌದೆ ಒಟ್ಟಿದ, ಹುಲ್ಲು ಪೇರಿಸಿದ ಮೂಲೆಯಲ್ಲಿ ನಾಯಿಗೆ ಜಾಗ ಮಾಡಬಾರದು. ಕ್ರಿಮಿನಾಶಕದ ಡಬ್ಬಿ, ಇಲಿಪಾಷಾಣ ಇಡುವ ಕೋಣೆಯಲ್ಲಿ ಕೂಡುವುದು ಅದಕ್ಕಿಂತಲೂ ಅಪಾಯ. ಬೇಸರಗೊಂಡ ಮರಿ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ.

ನಾಯಿ ಮನೆಯೊಳಗೆ ಮಲಗುವುದಾದರೆ ಮೊದಲು ಬರುವ ಪ್ರಶ್ನೆ ರೋಗದ್ದು. ನಾಯಿಯ ಕಂದು ಉಣುಗು ರಕ್ತ ಹೀರಿ ಬಿದ್ದ ಮೇಲೆ ಗೋಡೆಯ ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಹೀಗಾಗಿ ನಾಯಿಗೆ ಮಾತ್ರ ಔಷಧ ಹಾಕಿದರೆ ಸಾಲದು, ಅದು ಮಲಗುವ ಮೂಲೆಯನ್ನೂ ತಿಕ್ಕಿ ತೊಳೆಯಬೇಕು. ಕ್ರಮವಾಗಿ ಜಂತುಹುಳದ ಔಷಧ, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ಬೂಸ್ಟರ್ ಮತ್ತು ವರ್ಷವರ್ಷದ ಲಸಿಕೆ ಆಗಿದ್ದರೆ ಒಳಗೆ ಮಲಗಿಸಲು ಹೆದರಬೇಕಿಲ್ಲ. ಹಾಸಿಗೆಯ ಮೇಲೆಯೇ ಮಲಗಿಸಿಕೊಳ್ಳುವುದು ಮಾತ್ರ ಬೇರೆ ವಿಷಯ. ಅಮೆರಿಕದ ಮೇಯೋ ಕ್ಲಿನಿಕ್ ತಂಡ 2017ರಲ್ಲಿ ಪ್ರಕಟಿಸಿದ, 40 ಮಂದಿಯ ನಿದ್ದೆಯನ್ನು ಅಳೆದ ಅಧ್ಯಯನದಲ್ಲಿ, ನಾಯಿ ಕೋಣೆಯಲ್ಲಿ ಇದ್ದರೆ ನಿದ್ದೆಗೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ. ಹಾಸಿಗೆಯ ಮೇಲಿದ್ದಾಗ ಮನುಷ್ಯರ ನಿದ್ದೆ ಕೆಟ್ಟಿತು. ಎಳೆಗೂಸು, ಗಾಯವಿರುವವರು, ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಯಲ್ಲಿ ನಾಯಿಯ ಹಾಸು ಕೆಳಗೆ, ಬೇರೆಯಾಗಿಯೇ ಇರಬೇಕು.

ಎಂಟು ವಾರದ ಮರಿಗೆ ಮೊದಲ ರಾತ್ರಿಗಳು ಕಷ್ಟದವು. ಅದುವರೆಗೆ ತಾಯಿಯ ಹೊಟ್ಟೆಗೆ ಒತ್ತಿ, ಒಡಹುಟ್ಟಿದವುಗಳ ಮೇಲೆ ಬಿದ್ದು ಮಲಗಿದ್ದ ಜೀವವನ್ನು ಒಂಟಿಯಾಗಿ ಹೊರಗೆ ಬುಟ್ಟಿಯಡಿ ಮುಚ್ಚಿದರೆ ರಾತ್ರಿಯಿಡೀ ಅಳುತ್ತದೆ. ಅತ್ತು ಅತ್ತು ಸುಮ್ಮನಾದರೆ ರೂಢಿಯಾಯಿತು ಎಂದರ್ಥವಲ್ಲ, ಸೋತಿತು ಎಂದರ್ಥ. ಕೆಲವು ವಾರ ಮಲಗುವವರ ಮಂಚದ ಪಕ್ಕದಲ್ಲೇ ರಟ್ಟಿನ ಪೆಟ್ಟಿಗೆಯಲ್ಲಿ, ತಾಯಿಯ ವಾಸನೆಯಿರುವ ಬಟ್ಟೆಯೊಂದಿಗೆ ಮಲಗಿಸಿ, ರಾತ್ರಿ ಒಂದೆರಡು ಸಲ ಉಚ್ಚೆಗೆ ಹೊರಗೆ ಒಯ್ದು, ಆಮೇಲೆ ಪೆಟ್ಟಿಗೆಯನ್ನು ದಿನಕ್ಕಿಷ್ಟು ದೂರ ಸರಿಸುತ್ತ ಹೋದರೆ ಮರಿ ತನ್ನ ಮೂಲೆಗೆ ಹೊಂದಿಕೊಳ್ಳುತ್ತದೆ.

ಮುದಿ ನಾಯಿಯ ರಾತ್ರಿಯೂ ಹೆಚ್ಚುಕಡಿಮೆ ಮರಿಯದರಂತೆಯೇ. ಕೀಲು ನೋವಿನಿಂದ ಕಟ್ಟೆ ಹತ್ತಲಾಗದು, ಕಣ್ಣು ಮಂದವಾಗಿ ಕತ್ತಲಲ್ಲಿ ದಾರಿ ತಪ್ಪುತ್ತದೆ. ಮಿದುಳು ಸವೆದ ಕೆಲವು ನಾಯಿಗಳು ಹಗಲು ಮಲಗಿ ರಾತ್ರಿಯೆಲ್ಲ ಸುತ್ತಾಡುತ್ತವೆ, ಪರಿಚಿತ ಗೋಡೆಗೇ ಮುಖ ಮಾಡಿ ನಿಂತುಬಿಡುತ್ತವೆ. ಇದಕ್ಕೆ ಪಶುವೈದ್ಯರಲ್ಲಿ ಔಷಧವಿದೆ. ಜೊತೆಗೆ ಹಾಸಿನ ಜಾಗ ಬದಲಿಸದೆ ಇಡುವುದು, ಹತ್ತಿರ ನೀರಿನ ಬಟ್ಟಲು, ಒಂದು ಸಣ್ಣ ದೀಪ ಇರಿಸುವುದು ನೆರವಾಗುತ್ತದೆ. ಹತ್ತು ಹನ್ನೆರಡು ವರ್ಷ ಹೊಸ್ತಿಲ ಹೊರಗೆ ಕಾವಲು ಮಲಗಿದ ನಾಯಿಯನ್ನು ಕೊನೆಗಾಲದಲ್ಲಿ ಪಡಸಾಲೆಯ ಬಾಗಿಲ ಮಗ್ಗುಲಿಗೆ ಕರೆದು ಕೌದಿ ಹಾಸಿಕೊಡುವ ಮನೆಗಳು ಈ ಸೀಮೆಯಲ್ಲಿ ಉಂಟು. ಒಳಗೆ ಬಂದ ಮೇಲೂ ಅದು ಹಳೆಯ ಅಭ್ಯಾಸದಂತೆ ಬಾಗಿಲಿಗೆ ಮುಖ ಮಾಡಿಯೇ ಮಲಗುತ್ತದೆ.