ಮಾರ್ಗದ ಮೈ ಹೇಳುವ ಸೆನ್ಸರ್: ಹಿಮದ ನಾಡಿನ ಉಪಾಯ ನಮ್ಮ ಮಳೆಗಾಲಕ್ಕೆ ಆಗ್ತದಾ?

ಬೆಟ್ಟಂಪಾಡಿ: ಜೋರು ಮಳೆ ಹೊಡೆದ ದಿನ ಈ ಭಾಗದ ಅಂಗಡಿಗಳಲ್ಲಿ ವರ್ಷಾನುಗಟ್ಟಲೆ ಕೇಳಿಬಂದ ಪ್ರಶ್ನೆ ಒಂದೇ: ‘ಚೆಲ್ಯಡ್ಕದಲ್ಲಿ ಬಸ್ ಹೋಗ್ತದಾ?’ ಸೇತುವೆ ಮೇಲೆ ನೀರು ಬಂದರೆ ಪಾಣಾಜೆ ಕಡೆಯವರು ಸಂಟ್ಯಾರು ಮಾರ್ಗವಾಗಿ ಸುತ್ತು ಹಾಕಬೇಕಿತ್ತು. ಸುದ್ದಿ ಸಿಗುತ್ತಿದ್ದದ್ದು ಯಾರೋ ಅಲ್ಲಿವರೆಗೆ ಹೋಗಿ ವಾಪಸ್ ಬಂದ ಮೇಲೆ, ಇಲ್ಲವೇ ವಾಟ್ಸ್ಯಾಪಿನಲ್ಲಿ. ಅದರಲ್ಲೂ ಕಳೆದ ವರ್ಷದ ಫೋಟೊ ಎಷ್ಟೋ!

ಹಿಮ ಬೀಳುವ ದೇಶಗಳಲ್ಲಿ ಇದೇ ತಲೆಬಿಸಿ ಬೇರೆ ರೂಪದಲ್ಲಿದೆ. ಅಲ್ಲಿ ಚಳಿಗಾಲದ ರಾತ್ರಿ ಡಾಮರಿನ ಮೇಲಿನ ತೇವ ಕಣ್ಣಿಗೆ ಕಾಣದಷ್ಟು ತೆಳುವಾದ ಮಂಜುಗಡ್ಡೆಯಾಗುತ್ತದೆ. ಮಾರ್ಗ ಬರೀ ಒದ್ದೆಯಾದ ಹಾಗೆ ಕಾಣುತ್ತದೆ, ಬ್ರೇಕ್ ಹಾಕಿದರೆ ಗಾಡಿ ನಿಲ್ಲುವುದಿಲ್ಲ. ಗಾಳಿಯ ಉಷ್ಣತೆ 2 ಡಿಗ್ರಿ ಇದ್ದರೂ ಮಾರ್ಗದ ಮೈ ಸೊನ್ನೆಗಿಂತ ಕೆಳಗೆ ಇಳಿದಿರಬಹುದು. ಅಡಿಯಿಂದಲೂ ತಣ್ಣನೆ ಗಾಳಿ ಆಡುವ ಸೇತುವೆಗಳಂತೂ ಮೊದಲೇ ಹೆಪ್ಪುಗಟ್ಟುತ್ತವೆ. ಹಾಗಾಗಿ ಹವಾಮಾನ ವರದಿ ಒಂದನ್ನೇ ನಂಬಿದರೆ ಆಗುವುದಿಲ್ಲ, ಮಾರ್ಗವನ್ನೇ ಕೇಳಬೇಕು.

ಕೇಳುವ ಸಾಧನವೇ ಸೆನ್ಸರ್. ಒಂದು ಬಗೆಯದ್ದು ಡಾಮರಿನೊಳಗೆ ಸಮತಟ್ಟಾಗಿ ಹೂತಿಟ್ಟ ಬಿಲ್ಲೆ. ಮೈಯ ಉಷ್ಣತೆ, ತೇವ ಮತ್ತು ಅದರಲ್ಲಿ ಹಿಂದೆ ಹಾಕಿದ ಉಪ್ಪು ಎಷ್ಟು ಉಳಿದಿದೆ ಎಂಬುದನ್ನು ಅದು ಅಳೆಯುತ್ತದೆ. ಇನ್ನೊಂದು ಬಗೆಯದ್ದನ್ನು ಬದಿಯ ಕಂಬದಲ್ಲಿ ಕೂರಿಸುತ್ತಾರೆ. ಅದು ಮಾರ್ಗದ ಮೇಲೆ ಅತಿಗೆಂಪು ಕಿರಣ ಬಿಡುತ್ತದೆ. ನೀರು, ಮಂಜುಗಡ್ಡೆ, ಹಿಮ ಈ ಬೆಳಕನ್ನು ಬೇರೆ ಬೇರೆ ರೀತಿಯಲ್ಲಿ ಹೀರುವುದರಿಂದ ಮರಳಿ ಬಂದ ಬೆಳಕು ನೋಡಿ ಯಾವುದು ಎಂದು ಗುರುತಿಸುತ್ತದೆ. ಮಾಹಿತಿ ಕಚೇರಿ ಮುಟ್ಟಿದರೆ, ಹೆಪ್ಪುಗಟ್ಟುವ ಮೊದಲೇ, ಬೇಕಾದ ಕಡೆಗೆ ಮಾತ್ರ ಉಪ್ಪಿನ ಲಾರಿ ಹೊರಡುತ್ತದೆ. ಉಪ್ಪುನೀರು ಸೊನ್ನೆ ಡಿಗ್ರಿಯಲ್ಲಿ ಗಟ್ಟಿಯಾಗುವುದಿಲ್ಲ, ಶೇ. 23ರಷ್ಟು ಉಪ್ಪು ಇದ್ದರೆ ಮೈನಸ್ 21 ಡಿಗ್ರಿವರೆಗೂ ನೀರಾಗಿಯೇ ಇರುತ್ತದೆ. ಹಾಗಂತ ಕಂಡಕಂಡಲ್ಲಿ ಸುರಿಯುವ ಹಾಗಿಲ್ಲ. ಗಾಡಿಗೆ, ಸೇತುವೆಯ ಕಬ್ಬಿಣಕ್ಕೆ ತುಕ್ಕು, ಬಾವಿ ನೀರಿಗೂ ಕೇಡು.

ನಮ್ಮಲ್ಲಿ ಉಪ್ಪು ಸುರಿಯುವ ಪ್ರಮೇಯ ಇಲ್ಲ. ಆದರೆ ಮಾರ್ಗ ಹಾಳು ಮಾಡುವುದು ಇಲ್ಲಿಯೂ ನೀರೇ. ಅಲ್ಲಿ ಬಿರುಕಿಗಿಳಿದ ನೀರು ಹೆಪ್ಪುಗಟ್ಟಿ ಉಬ್ಬಿ ಡಾಮರು ಒಡೆಯುತ್ತದೆ. ಇಲ್ಲಿ ಚರಂಡಿ ಕಟ್ಟಿ ನಿಂತ ನೀರು ಬಿರುಕಿಗೆ ಇಳಿದು, ಪ್ರತಿ ಲಾರಿಯ ಚಕ್ರದ ಒತ್ತಡಕ್ಕೆ ಅಡಿಯ ಸಣ್ಣ ಮಣ್ಣನ್ನು ಹೊರಗೆ ಉಗುಳುತ್ತದೆ. ಅಡಿ ಟೊಳ್ಳಾದ ಮೇಲೆ ಹೊಂಡ ಬೀಳಲಿಕ್ಕೆ ಎರಡು ದಿನ ಸಾಕು.

ಇನ್ನೊಂದು ಸಾಮ್ಯ ನಮ್ಮ ಅಲರ್ಟ್‌ಗಳದ್ದು. 24 ಗಂಟೆಯಲ್ಲಿ 204.4 ಮಿ.ಮೀ.ಗಿಂತ ಹೆಚ್ಚು ಮಳೆಯ ಮುನ್ಸೂಚನೆ ಇದ್ದರೆ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಡುತ್ತದೆ. ಅದು ಇಡೀ ಜಿಲ್ಲೆಗೆ. ಪುತ್ತೂರು ಪೇಟೆಯಲ್ಲಿ ಬಿಸಿಲು, ಪಾಣಾಜೆ ಕಡೆ ತೋಡು ತುಂಬಿ ಹರಿಯುವುದು ನಮಗೇನು ಹೊಸತಲ್ಲ. ಉಪ್ಪಿನಂಗಡಿಯಲ್ಲಿ ನದಿಯ ಅಪಾಯದ ಮಟ್ಟ 31.5 ಮೀಟರ್ ಎಂದು ಗೊತ್ತಿದೆ, ಮಳೆಗಾಲದಲ್ಲಿ ದಿನವೂ ಸುದ್ದಿ ಬರುತ್ತದೆ. ಹಳ್ಳಿಯ ತೋಡಿಗೆ ಅಂಥ ಲೆಕ್ಕ ಇಟ್ಟವರು ಯಾರು?

ಅರ್ಧ ಕೆಲಸ ಆಗಿದೆ ಎನ್ನಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. 15 ನಿಮಿಷಕ್ಕೊಮ್ಮೆ ಮಾಹಿತಿ ಬೆಂಗಳೂರಿಗೆ ಹೋಗುತ್ತದೆ. ಆದರೆ ಎಷ್ಟು ಮಳೆ ಬಂತು ಎಂಬುದು ಬೇರೆ, ಸೇತುವೆ ಮೇಲೆ ಎಷ್ಟು ನೀರಿದೆ ಎಂಬುದು ಬೇರೆ. ಎರಡನೆಯದಕ್ಕೆ ಸೇತುವೆಗೇ ಒಂದು ರಾಡಾರ್ ಅಥವಾ ಅಲ್ಟ್ರಾಸಾನಿಕ್ ಮಟ್ಟಮಾಪಕ ಕಟ್ಟಬೇಕು, ಎರಡೂ ಬದಿ ಕೆಂಪು ದೀಪ ಇಡಬೇಕು. ಹೊಸ ಸೇತುವೆ ಆಗುವವರೆಗೆ ಕಡಬದ ಹೊಸಮಠದಲ್ಲಿ ಮುಳುಗುತ್ತಿದ್ದ ಹಳೆ ಸೇತುವೆ ನೆನಪಿದ್ದವರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ.

ಗುಡ್ಡೆ ಜರಿಯುವ ಕಡೆ ಸೆನ್ಸರ್ ಮಣ್ಣಿನೊಳಗೆ ಹೋಗಬೇಕು. ಕೇರಳದ ಮುನ್ನಾರಿನಲ್ಲಿ ಅಮೃತ ವಿಶ್ವವಿದ್ಯಾಪೀಠದವರು 2009ರ ಹೊತ್ತಿಗೇ ಮಣ್ಣಿನೊಳಗಿನ ನೀರಿನ ಒತ್ತಡ ಮತ್ತು ಜರುಗುವಿಕೆ ಅಳೆಯುವ ವ್ಯವಸ್ಥೆ ಮಾಡಿದ್ದರು. 2024ರ ಜುಲೈಯಲ್ಲಿ ಸಂಪಾಜೆ–ಮಡಿಕೇರಿ ಹೆದ್ದಾರಿಯ ಕರ್ತೋಜಿಯಲ್ಲಿ ಕುಸಿತದ ಭೀತಿಯಿಂದ ಕೆಲವು ದಿನ ರಾತ್ರಿ ಸಂಚಾರವನ್ನೇ ನಿಲ್ಲಿಸಬೇಕಾಯಿತು. ಸುಳ್ಯದ ಅಂಗಡಿಗಳಿಗೆ ರಾತ್ರಿ ಲೋಡ್ ಬರುವುದು ಆ ದಾರಿಯಲ್ಲೇ ಅಲ್ವಾ?

ತೊಡಕುಗಳೂ ಇವೆ. ಆಟಿ ತಿಂಗಳ ಮೋಡದಲ್ಲಿ ಸೋಲಾರ್ ಬ್ಯಾಟರಿ ಚಾರ್ಜ್ ಆಗುವುದು ಕಷ್ಟ. ಬೇಸಿಗೆಯ ಕೊನೆಯ ಸಿಡಿಲು ಟಿವಿ, ಮೋಡೆಮ್ ಸುಡುವ ಹಾಗೆ ಇದನ್ನೂ ಸುಡಬಹುದು. ಕರೆಂಟ್ ಹೋದರೆ ಮೊಬೈಲ್ ಟವರ್ ಕೂಡ ಹೋಗುತ್ತದೆ. ಯಂತ್ರ ಇಡುವುದಕ್ಕಿಂತ ಅದನ್ನು ಮೇ ತಿಂಗಳಲ್ಲಿ ಒರೆಸಿ, ಪರೀಕ್ಷಿಸಿ ಇಡುವವರು ಯಾರು ಎಂಬುದು ಮೊದಲು ತೀರ್ಮಾನ ಆಗಬೇಕು. ಮೋರಿಗೆ ಸಿಕ್ಕಿದ ಮಡಲು, ಕಸ ತೆಗೆಯುವ ಕೆಲಸವನ್ನಂತೂ ಸೆನ್ಸರ್ ಮಾಡುವುದಿಲ್ಲ.

ಸದ್ಯಕ್ಕೆ ಮಳೆಯ ಮಾಹಿತಿಗೆ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ ಇದೆ. ಮಾರ್ಗಕ್ಕೆ ನೀರು ಬಂದದ್ದು, ಗುಡ್ಡೆ ಜರಿದದ್ದು ಕಂಡರೆ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಫೋನ್ ಮಾಡಬಹುದು. ಸ್ಥಳದ ಹೆಸರಿನ ಜೊತೆ ಹತ್ತಿರದ ಕಟ್ಟೆಯೋ ಶಾಲೆಯೋ ಒಂದು ಗುರುತು ಹೇಳಿ.