ಹಾರ್ಮೋನ್ ರಕ್ತಪರೀಕ್ಷೆ: ವಿಮೆ ಇದ್ದರೆಷ್ಟು, ಇಲ್ಲದಿದ್ದರೆಷ್ಟು?

ಶಿವಮೊಗ್ಗ: ಆಯಾಸ, ಕಾರಣವಿಲ್ಲದ ತೂಕ ಏರಿಕೆ, ಮುಟ್ಟಿನ ಏರುಪೇರು ಎಂದು ವೈದ್ಯರ ಬಳಿಗೆ ಹೋದವರ ಕೈಗೆ ಹಾರ್ಮೋನ್ ಪರೀಕ್ಷೆಯ ಚೀಟಿ ಬರುವುದು ಈಗ ಸಾಮಾನ್ಯ. ಮನೆಯಲ್ಲಿ ಆಯುಷ್ಮಾನ್ ಕಾರ್ಡ್ ಇದೆ, ಮಗನ ಕಂಪನಿಯ ಮೆಡಿಕ್ಲೇಮ್ ಇದೆ ಎಂಬ ಧೈರ್ಯದಲ್ಲಿ ಲ್ಯಾಬ್‌ಗೆ ಹೋದವರಲ್ಲಿ ಹೆಚ್ಚಿನವರು ಪೂರ್ತಿ ಹಣ ತೆತ್ತೇ ಹೊರಬರುತ್ತಾರೆ. ನಮ್ಮಲ್ಲಿ ಚಾಲ್ತಿಯಲ್ಲಿರುವ ಬಹುತೇಕ ಆರೋಗ್ಯ ವಿಮೆಗಳು ಆಸ್ಪತ್ರೆಗೆ ದಾಖಲಾದವರ ಖರ್ಚಿಗೆಂದು ರೂಪಿಸಿದವು. ಹಾರ್ಮೋನ್ ಪರೀಕ್ಷೆಗಳಾದರೋ ಬಹುಪಾಲು ಹೊರರೋಗಿಯಾಗಿಯೇ ನಡೆಯುತ್ತವೆ. ಗೊಂದಲದ ಮೂಲ ಇದೇ.

ವಿಮೆ ಇಲ್ಲದಿದ್ದರೆ

ಖಾಸಗಿ ಪ್ರಯೋಗಾಲಯಗಳಲ್ಲಿ ಥೈರಾಯ್ಡ್‌ನ ಟಿಎಸ್‌ಎಚ್ ಒಂದಕ್ಕೇ ಸುಮಾರು 150ರಿಂದ 400 ರೂ., ಟಿ3, ಟಿ4 ಸೇರಿದ ಮೂರರ ಗುಂಪಿಗೆ 300ರಿಂದ 800 ರೂ. ದರವಿರುವುದುಂಟು. ಪ್ರೊಲ್ಯಾಕ್ಟಿನ್, ಎಫ್‌ಎಸ್‌ಎಚ್, ಎಲ್‌ಎಚ್ ತಲಾ 350ರಿಂದ 700 ರೂ. ಆಸುಪಾಸು. ಅಂಡಾಶಯದ ಸಾಮರ್ಥ್ಯ ಅಳೆಯುವ ಎಎಂಎಚ್ ದುಬಾರಿ. ಸಾವಿರ ರೂಪಾಯಿ ದಾಟುತ್ತದೆ, ಕೆಲವೆಡೆ ಎರಡು ಸಾವಿರವನ್ನೂ ಮೀರುತ್ತದೆ.

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 20 ಕಿ.ಮೀ. ರಕ್ತ ತೆಗೆಯುವ ಕೇಂದ್ರವೇ ಪರೀಕ್ಷೆಯನ್ನೂ ನಡೆಸುತ್ತದೆ ಎಂದೇನಿಲ್ಲ. ಅಪರೂಪದ ಪರೀಕ್ಷೆಗಳ ಮಾದರಿಗಳನ್ನು ದೊಡ್ಡ ಊರಿನ ಪ್ರಯೋಗಾಲಯಕ್ಕೆ ಕಳುಹಿಸುವುದು ವಾಡಿಕೆ. ಆದ್ದರಿಂದ ಮಾದರಿ ಎಲ್ಲಿಗೆ ಹೋಗುತ್ತದೆ, ಆ ಪ್ರಯೋಗಾಲಯಕ್ಕೆ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರದರ್ಶಿಸುವುದು ಕಡ್ಡಾಯ. ದೂರುಗಳಿಗೆಂದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವಿದೆ.

ಹಣ ಸೋರುವ ದೊಡ್ಡ ದಾರಿಯೆಂದರೆ 'ಪ್ಯಾಕೇಜ್'. ಹೈಪೋಥೈರಾಯ್ಡ್ ಇರುವವರು ಮಾತ್ರೆಯ ಪ್ರಮಾಣ ಬದಲಾದ ಆರರಿಂದ ಎಂಟು ವಾರಗಳ ಬಳಿಕ ಮತ್ತೆ ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಪ್ರಮಾಣ ಒಂದು ಹದಕ್ಕೆ ಬಂದ ಮೇಲೆ ವರ್ಷಕ್ಕೆ ಒಂದೆರಡು ಬಾರಿ ಸಾಕು. ಇಂಥವರಲ್ಲಿ ಬಹುತೇಕರಿಗೆ ಟಿಎಸ್‌ಎಚ್ ಒಂದೇ ಸಾಕಾಗುತ್ತದೆ. ಮೊದಲ ವರ್ಷ ನಾಲ್ಕು ಸಲ ಮಾಡಿಸಿದರೆ 250 ರೂ. ದರದಲ್ಲಿ ಒಂದು ಸಾವಿರ. ಪ್ರತಿ ಬಾರಿಯೂ 600 ರೂ. ಪ್ಯಾಕೇಜ್ ಕೊಂಡರೆ 2,400 ರೂ. ಗರ್ಭಿಣಿಯರು ಮತ್ತು ಪಿಟ್ಯುಟರಿ ಗ್ರಂಥಿಯ ತೊಂದರೆ ಇರುವವರ ವಿಚಾರ ಬೇರೆ. ಅವರು ವೈದ್ಯರು ಬರೆದ ಯಾವುದನ್ನೂ ಕೈಬಿಡಬಾರದು.

ಕೈ ಬಿಗಿಯಿರುವವರಿಗೆ ಸಿಮ್ಸ್ ವೈದ್ಯಕೀಯ ಕಾಲೇಜಿಗೆ ಸೇರಿದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿದೆ. ಸರ್ಕಾರಿ ಆಸ್ಪತ್ರೆಯ ಶುಲ್ಕ ಖಾಸಗಿಗಿಂತ ಕಡಿಮೆ. ಬಿಪಿಎಲ್ ಪಡಿತರ ಚೀಟಿಯನ್ನು ಜತೆಗೆ ಒಯ್ಯುವುದು ಒಳ್ಳೆಯದು. ಬರೆದುಕೊಟ್ಟ ಪರೀಕ್ಷೆ ಆ ದಿನ ಅಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿದರೆ ಬಸ್ ಖರ್ಚು ಉಳಿದೀತು.

ವಿಮೆ ಇದ್ದರೆ

2018ರಲ್ಲಿ ಜಾರಿಯಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆಯುಂಟು. ಆದರೆ ಅದು ನಿಗದಿತ ಚಿಕಿತ್ಸೆಗಳಿಗೆ ಮಾತ್ರ. ಥೈರಾಯ್ಡ್ ಗ್ರಂಥಿಯ ಶಸ್ತ್ರಚಿಕಿತ್ಸೆಗೆ ದಾಖಲಾದವರ ಪರೀಕ್ಷೆ ಆ ಲೆಕ್ಕದಲ್ಲಿ ಸೇರುತ್ತದೆ. ಕಾರ್ಡ್ ಹಿಡಿದು ಬೀದಿಬದಿಯ ಲ್ಯಾಬ್‌ನಲ್ಲಿ ಟಿಎಸ್‌ಎಚ್ ಮಾಡಿಸಲಾಗದು. 2018ರಲ್ಲಿ ನಿಂತು 2023ರ ಜನವರಿಯಿಂದ ಪುನಃ ಆರಂಭವಾದ ಯಶಸ್ವಿನಿಯೂ ಮುಖ್ಯವಾಗಿ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆಂದೇ ಇರುವ ಯೋಜನೆ.

ಖಾಸಗಿ ಮೆಡಿಕ್ಲೇಮ್‌ನ ಕತೆ ಇದಕ್ಕಿಂತ ತೀರಾ ಭಿನ್ನವಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲಿ ತಂದ 'ಆರೋಗ್ಯ ಸಂಜೀವಿನಿ' ಮಾದರಿ ಪಾಲಿಸಿಯನ್ನೇ ನೋಡಿ. ಆಸ್ಪತ್ರೆ ಸೇರುವ ಹಿಂದಿನ 30 ದಿನ, ಬಿಡುಗಡೆಯ ನಂತರದ 60 ದಿನಗಳ ಪರೀಕ್ಷಾ ವೆಚ್ಚ ಅದೇ ಕಾಯಿಲೆಗೆ ಸಂಬಂಧಿಸಿದ್ದರೆ ಸಿಗುತ್ತದೆ. ಕ್ಲೇಮ್‌ನ ಶೇ 5 ಭಾಗ ರೋಗಿಯದು. ಆಸ್ಪತ್ರೆ ವಾಸವೇ ಇಲ್ಲದಿದ್ದರೆ ಈ ಸೌಲಭ್ಯವೂ ಇಲ್ಲ. 'ಒಂದು ದಿನ ಅಡ್ಮಿಟ್ ಆಗಿಬಿಡಿ, ಕ್ಲೇಮ್ ಆಗುತ್ತದೆ' ಎಂಬ ಸಲಹೆಗೆ ಕಿವಿಗೊಡುವುದು ಅಪಾಯಕರ. ಕೇವಲ ಪರೀಕ್ಷೆಗಾಗಿ ದಾಖಲಾದ ವೆಚ್ಚವನ್ನು ಪಾಲಿಸಿಗಳ ಷರತ್ತುಗಳೇ ಹೊರಗಿಡುತ್ತವೆ. ಬಂಜೆತನ ಚಿಕಿತ್ಸೆಯೂ ಸಾಮಾನ್ಯವಾಗಿ ಹೊರಗೇ. ಹೀಗಾಗಿ ಅತಿ ದುಬಾರಿಯಾದ ಎಎಂಎಚ್‌ನ ಭಾರ ದಂಪತಿಯ ಜೇಬಿನ ಮೇಲೆಯೇ ಬೀಳುತ್ತದೆ. ಹೊರರೋಗಿ ಸೌಲಭ್ಯವನ್ನು ಹೆಚ್ಚುವರಿ ಪ್ರೀಮಿಯಂಗೆ ಕೊಡುವ ಪಾಲಿಸಿಗಳಿವೆ. ಉದ್ಯೋಗದಾತರ ಕೆಲವು ಗುಂಪು ವಿಮೆಗಳಲ್ಲೂ ಅದುಂಟು. ಅಂಥ ಪಾಲಿಸಿಯಿದ್ದವರು ವಾರ್ಷಿಕ ಮಿತಿ ಎಷ್ಟೆಂದು ನೋಡಿಕೊಳ್ಳಬೇಕು. ಹೊಸ ಪಾಲಿಸಿ ಕೊಳ್ಳುವಾಗ ಥೈರಾಯ್ಡ್ ಇರುವುದನ್ನು ಮುಚ್ಚಿಡುವುದು ತರವಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿ 2024ರಿಂದ 36 ತಿಂಗಳಿಗೆ ಇಳಿದಿದೆ. ಮುಚ್ಚಿಟ್ಟದ್ದು ಬಯಲಾದರೆ ಕ್ಲೇಮೇ ತಿರಸ್ಕೃತವಾದೀತು.

ಹೊರರೋಗಿಗೂ ನಿಜವಾಗಿ ಆಸರೆಯಾಗುವುದು ಇಎಸ್‌ಐ. ಮಾಸಿಕ ವೇತನ 21,000 ರೂ. ಮೀರದ, ಯೋಜನೆಯ ವ್ಯಾಪ್ತಿಗೆ ಬರುವ ಕಾರ್ಮಿಕರು ಮತ್ತು ಅವರ ಅವಲಂಬಿತರಿಗೆ ವೈದ್ಯರ ಭೇಟಿ, ಪರೀಕ್ಷೆ, ಔಷಧಿ ಎಲ್ಲವೂ ಇದರಲ್ಲಿ ಸೇರಿವೆ. ನೌಕರನ ಪಾಲು ವೇತನದ ಶೇ 0.75, ಅಂದರೆ 20,000 ರೂ. ಪಡೆಯುವವರಿಂದ ತಿಂಗಳಿಗೆ 150 ರೂ. ಹೆಸರು ನೋಂದಾಯಿಸಿದ ಚಿಕಿತ್ಸಾಲಯದ ವೈದ್ಯರೇ ಪರೀಕ್ಷೆ ಬರೆದುಕೊಡಬೇಕು. ಶಿಫಾರಸಿಲ್ಲದೆ ಹೊರಗೆ ಮಾಡಿಸಿ ರಸೀದಿ ತಂದರೆ ಹಣ ಮರಳುವುದು ಕಷ್ಟ.

ಕಾರ್ಖಾನೆಗಳ ಊರಾದ ಭದ್ರಾವತಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಎಂಪಿಎಂನಲ್ಲಿ ಉತ್ಪಾದನೆ ನಿಂತು ವರ್ಷಗಳೇ ಕಳೆದಿವೆ. ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕುಳಿತಿದ್ದರು. ಗುತ್ತಿಗೆ ಕೆಲಸ ತಪ್ಪಿ ವಂತಿಕೆ ನಿಂತರೆ ಕೆಲಕಾಲದ ನಂತರ ಇಎಸ್‌ಐ ಸೌಲಭ್ಯವೂ ನಿಲ್ಲುತ್ತದೆ. ದಿನಾ ಮಾತ್ರೆ ನುಂಗಬೇಕಾದ ಮನೆಯವರಿಗೆ ಅದರ ಬಿಸಿ ಮೊದಲು ತಟ್ಟುತ್ತದೆ. ಪರೀಕ್ಷೆಯ ಖರ್ಚಿಗೆ ಹೆದರಿ ಮಾತ್ರೆಯನ್ನೇ ಬಿಡುವುದು ಮಾತ್ರ ಸಲ್ಲದು.

ಎರಡು ಬಾರಿ ಹಣ ಕೊಡದಿರಲು

ತಪ್ಪು ಹೊತ್ತಿನಲ್ಲಿ ಕೊಟ್ಟ ರಕ್ತದಿಂದ ಪರೀಕ್ಷೆಯೂ ವ್ಯರ್ಥ, ಹಣವೂ ವ್ಯರ್ಥ. ಕಾರ್ಟಿಸಾಲ್, ಟೆಸ್ಟೊಸ್ಟೆರಾನ್‌ಗೆ ಸಾಮಾನ್ಯವಾಗಿ ಬೆಳಗಿನ ಹೊತ್ತೇ ಆಗಬೇಕು. ಎಫ್‌ಎಸ್‌ಎಚ್, ಎಲ್‌ಎಚ್‌ಗೆ ಮುಟ್ಟಿನ ಎರಡನೇ ಅಥವಾ ಮೂರನೇ ದಿನ. ಎಎಂಎಚ್‌ಗೆ ಯಾವ ದಿನವಾದರೂ ಆದೀತು. ಥೈರಾಯ್ಡ್ ಮಾತ್ರೆಯನ್ನು ಅಂದು ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳುವುದು ಲೇಸು. ಕೂದಲು, ಉಗುರಿಗೆಂದು ಬಯೋಟಿನ್ ನುಂಗುವವರು ವೈದ್ಯರಿಗೆ ಅದನ್ನು ತಿಳಿಸಬೇಕು. ಅದು ಕೆಲವು ಹಾರ್ಮೋನ್ ಪರೀಕ್ಷೆಗಳ ಫಲಿತಾಂಶವನ್ನೇ ತಿರುಚಬಲ್ಲದು.

ರಸೀದಿಯನ್ನು ಎಸೆಯಬೇಡಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮುಂಜಾಗ್ರತಾ ಆರೋಗ್ಯ ತಪಾಸಣೆಯ ವೆಚ್ಚದಲ್ಲಿ ವರ್ಷಕ್ಕೆ 5,000 ರೂ.ವರೆಗೆ, ಆರೋಗ್ಯ ವಿಮೆಯ ಒಟ್ಟು ಮಿತಿಯೊಳಗೆ, ಆದಾಯದಿಂದ ಕಳೆಯಲು ಅವಕಾಶವಿದೆ. ಈ ತಪಾಸಣೆಯ ಹಣವನ್ನು ನಗದಾಗಿ ಕೊಟ್ಟಿದ್ದರೂ ನಡೆಯುತ್ತದೆ.