ಮಾತನಾಡುವ ಪುಸ್ತಕ
ಅಮೆರಿಕೆಯ ಮಿಷಿಗನ್ ಸಂಸ್ಥಾನದಲ್ಲಿ 1950ರಲ್ಲಿ ಜನಿಸಿದ ಸ್ಟೀವಿ ವಂಡರನು ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವನು. ಹನ್ನೊಂದನೆಯ ವಯಸ್ಸಿನಲ್ಲಿ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ಸೇರಿದ ಈತನ ಹಾಡುಗಳ ಮೇಲೆ ಬಹುಕಾಲ ಒಡೆಯರದೇ ಅಧಿಕಾರವಿದ್ದಿತು. 1971ರಲ್ಲಿ ಪ್ರಾಪ್ತವಯಸ್ಕನಾಗಿ ಹಳೆಯ ಕರಾರು ತೀರಲು, ತನ್ನ ಸಂಗೀತಕ್ಕೆ ತಾನೇ ಒಡೆಯನೆಂಬ ನಿಬಂಧನೆಯನ್ನು ಪಡೆದ ಮೇಲೆಯೇ ಆತನು ಹೊಸ ಒಪ್ಪಂದಕ್ಕೆ ಸಮ್ಮತಿಸಿದನು.

ಆ ಸ್ವಾತಂತ್ರ್ಯದ ಫಲಗಳಲ್ಲೊಂದು, 1972ರ ಅಕ್ಟೋಬರಿನಲ್ಲಿ ಹೊರಬಂದ ‘ಟಾಕಿಂಗ್ ಬುಕ್’ ಎಂಬ ಧ್ವನಿಮುದ್ರಿಕೆ. ಅಂಧರಿಗಾಗಿ ಓದಿ ಮುದ್ರಿಸಿದ ಗ್ರಂಥಗಳಿಗೆ ಆ ನಾಡಿನಲ್ಲಿ ಇದೇ ಹೆಸರು. ಮೊದಲ ಪ್ರತಿಗಳ ಹೊದಿಕೆಯ ಮೇಲೆ ಬ್ರೈಲ್ ಲಿಪಿಯ ಬರಹವೂ ಇದ್ದಿತು. ಇದರೊಳಗಿನ ‘ಸೂಪರ್‌ಸ್ಟಿಷನ್’ ಫಂಕ್ ಎಂಬ ಲಯಪ್ರಧಾನ ಶೈಲಿಯ ಗೀತ. ಅದರಲ್ಲಿ ಡ್ರಮ್ಮು, ಕ್ಲಾವಿನೆಟ್ಟುಗಳನ್ನು ಆತನೇ ನುಡಿಸಿದನು. 1973ರ ಜನವರಿಯಲ್ಲಿ ಅದು ಅಮೆರಿಕೆಯ ಜನಪ್ರಿಯ ಗೀತಗಳ ಪಟ್ಟಿಯಲ್ಲಿ ಪ್ರಥಮಸ್ಥಾನಕ್ಕೇರಿತು. ಅಪಶಕುನಗಳಿಗಂಜಿ ಬಾಳುವವರಿಗೆ ಅದರಲ್ಲಿ ಎಚ್ಚರಿಕೆಯಿದೆ. ಕಣ್ಣುಳ್ಳವರ ಅಂಧಶ್ರದ್ಧೆಯನ್ನು ಕಣ್ಣಿಲ್ಲದವನು ಕಂಡು ಹಾಡಿದನು.